ಹನೋಯಿಗೆ ಹೋದ ಸೊಳ್ಳೆ ಯಂತ್ರ

ಲಿಂಗರಾಜಪುರ

ನಮ್ಮಪ್ಪನ ಮುಂದೆ ಕ್ಯಾಮೆರಾ ಹಿಡಿದರೆ ಮನುಷ್ಯ ಹೊರಟುಹೋಗಿ ಆ ಜಾಗದಲ್ಲಿ ಕಂಬ ಬಂದು ನಿಲ್ಲುತ್ತದೆ. ಮೊದಲು ಕೈ ಕತ್ತಿಗೆ ಹೋಗಿ ಅಂಗಿಯ ಮೇಲಿನ ಗುಂಡಿ ಹಾಕುತ್ತದೆ. ಆಮೇಲೆ ಎರಡೂ ಕೈ ಪ್ಯಾಂಟಿನ ಹೊಲಿಗೆಗೆ ಅಂಟಿಕೊಳ್ಳುತ್ತವೆ. ಉಸಿರು ಒಳಗೆ, ಹೊಟ್ಟೆ ಒಳಗೆ, ನಗು ಎಲ್ಲಕ್ಕಿಂತ ಒಳಗೆ. ಅಕ್ಕನ ಮದುವೆ ಇರಲಿ, ಊಟಿಯ ಕೆರೆ ಇರಲಿ, ಮೈಸೂರು ಮೃಗಾಲಯದ ಜಿರಾಫೆ ಇರಲಿ, ಹಿಂದಿನ ದೃಶ್ಯ ಬದಲಾಗುತ್ತದೆ, ಕಂಬ ಬದಲಾಗುವುದಿಲ್ಲ. ಆ ಫೋಟೋದಲ್ಲಿ ಜಿರಾಫೆಯೇ ಸ್ವಲ್ಪ ಆರಾಮಾಗಿ ನಿಂತಿದೆ.

ಅಪ್ಪ ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಕಂಡದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಬಡಿದು ನೋಡುವುದು ಅಲ್ಲಿಂದ ಮನೆಗೆ ಬಂದ ಅಭ್ಯಾಸ. ಕಲ್ಲಂಗಡಿ, ಬಾಗಿಲು, ಅಳಿಯನ ಹೊಸ ಕಾರು, ಎಲ್ಲದಕ್ಕೂ ಟಕ್ ಟಕ್. ನಾನು ಅವರ ಮಗ ಚೇತನ್. ಅಪಾರ್ಟ್‌ಮೆಂಟುಗಳ ರಾಜ್ಯೋತ್ಸವದಲ್ಲಿ ಆರ್ಕೆಸ್ಟ್ರಾದವರು ಟೀ ಕುಡಿಯಲು ಹೋದಾಗ, ವೇದಿಕೆ ಖಾಲಿ ಕಾಣದಿರಲಿ ಎಂದು ಹತ್ತಿಸುವ ಮಿಮಿಕ್ರಿ ಕಲಾವಿದ. ಕುಕ್ಕರಿನ ವಿಷಲ್, ಮೆಟ್ರೋದ ಪ್ರಕಟಣೆ, ಬಸ್ ಕಂಡಕ್ಟರ್, ನಮ್ಮಮ್ಮ, ಎಲ್ಲ ಬರುತ್ತದೆ. ಅಪ್ಪನದು ಮಾತ್ರ ಬರುವುದಿಲ್ಲ. ‘ಹೂಂ’, ‘ಆಯ್ತು’, ‘ಉಪ್ಪು ಕಮ್ಮಿ’. ಇಷ್ಟು ಬಂಡವಾಳ ಇಟ್ಟುಕೊಂಡು ಯಾವ ಕಲಾವಿದ ತಾನೇ ಏನು ಮಾಡಿಯಾನು?

ನಿವೃತ್ತಿಯಾದ ಮೇಲೆ ಮೂವರೂ ವಿಯೆಟ್ನಾಂಗೆ ಹೋಗುವುದೆಂದು ಅಮ್ಮ ತೀರ್ಮಾನಿಸಿದ್ದಳು. ಹೊರಡುವ ಮುಂಚಿನ ವಾರ ಮರ್ಫಿ ಟೌನಿನ ಅತ್ತೆ ಮನೆಯ ಮೆಟ್ಟಿಲ ಮೇಲೆ ಜಾರಿದಳು. ಕಾಲಿಗೆ ಪ್ಲಾಸ್ಟರ್ ಬಿತ್ತು. ಅಪ್ಪ, “ನಾವೂ ಹೋಗೋದು ಬೇಡ” ಎಂದರು. ಅವರ ಮಟ್ಟಿಗೆ ಅದು ದೀರ್ಘ ಭಾಷಣ.

“ಹೋಗ್ಲೇಬೇಕು. ಇವನ ಅಕ್ಕ ಬಂದು ನನ್ನ ಜೊತೆ ಇರ್ತಾಳೆ” ಎಂದಳು ಅಮ್ಮ. ಅಪ್ಪ ಹಾಲು ತರಲು ಹೋದಾಗ ನನ್ನನ್ನು ಹತ್ತಿರ ಕರೆದಳು. “ನೋಡೋ ಚೇತು, ಫ್ಯಾಕ್ಟರಿಯವ್ರು ಸಿಕ್ಕಿದಾಗೆಲ್ಲ ‘ನಿಮ್ಮ ಯಜಮಾನ್ರು ಭಾರಿ ತಮಾಷೆ ಕಣ್ರೀ, ನಮ್ಮನ್ನೆಲ್ಲ ನಗಿಸಿ ಸಾಯಿಸ್ತಿದ್ರು’ ಅಂತಾರೆ. ಯಾರ ಯಜಮಾನ್ರು ಅಂತ ನಾನು ಹಿಂದೆ ತಿರುಗಿ ನೋಡ್ತೀನಿ. ಆ ತಮಾಷೆ ಮನುಷ್ಯ ಮನೆಗೆ ಬಂದೇ ಇಲ್ವಲ್ಲೋ! ಹೊರಗೆ ಹೋದಾಗ ಏನಾದ್ರೂ ಬಾಯಿ ಬಿಟ್ರೆ ಹಿಡ್ಕೊಂಡು ಬಾ. ಫೋಟೋ ಬೇಡ ನಂಗೆ. ಮಾತು ಬೇಕು, ನಗು ಬೇಕು.”

ಮಾತು ಬೇಕು, ನಗು ಬೇಕು, ಕಂಬ ಬೇಡ. ಅಂದರೆ ಕ್ಯಾಮೆರಾ ಇರಬೇಕು, ಇದ್ದಂತೆ ಕಾಣಬಾರದು.

ಶಿವಾಜಿನಗರ

ನನ್ನ ಗೆಳೆಯ ಇರ್ಫಾನನಿಗೆ ಶಿವಾಜಿನಗರದಲ್ಲಿ ಕ್ಯಾಮೆರಾ ಅಂಗಡಿ. ಮದುವೆ ವಿಡಿಯೋದವರಿಗೆಲ್ಲ ಅವನೇ ಗತಿ. ವಿಷಯ ಕೇಳಿ, “ಅರೆ ಮಗಾ, ಸ್ವಂತ ಅಪ್ಪನ ಹಿಂದೆ ಸಿಐಡಿ ಬಿಡ್ತಿದೀಯಾ?” ಎಂದು ಗಲ್ಲಾದ ಮೇಲೆ ಬಿದ್ದು ನಕ್ಕ. ಆಮೇಲೆ ಗಂಭೀರವಾಗಿ ಒಂದೊಂದೇ ಎತ್ತಿ ಮುಂದಿಟ್ಟ. ಎಲ್ಲವನ್ನೂ ಮನೆಗೊಯ್ದು ಅಪ್ಪನ ಮೇಲೆ ಪ್ರಯೋಗಿಸಲು ಅನುಮತಿ ಸಿಕ್ಕಿತು.

ಮೊದಲನೆಯದು ಹಿಡಿಕೆಯ ಮೇಲೆ ತಲೆ ಇರುವ ಪುಟ್ಟ ಕ್ಯಾಮೆರಾ. ಕೈ ಅಲುಗಿದರೂ ಚಿತ್ರ ಅಲುಗುವುದಿಲ್ಲ. ಮುಖ ತೋರಿಸಿಬಿಟ್ಟರೆ ಅದರತ್ತಲೇ ತಲೆ ತಿರುಗಿಸುತ್ತಿರುತ್ತದೆ. ಅಪ್ಪ ಸೋಫಾದಿಂದ ಎದ್ದು ಅಡುಗೆಮನೆಗೆ ಹೋದರು. ಅದು ಗೂಬೆಯ ಹಾಗೆ ಕತ್ತು ತಿರುಗಿಸಿ ನೋಡಿತು. ಅಪ್ಪ ನಿಂತರು. ಅದೂ ನಿಂತಿತು. ಅಪ್ಪನ ಕೈ ಗುಂಡಿಗೆ ಹೋಯಿತು. ಮುಗಿಯಿತು.

ಎರಡನೆಯದು ಕ್ಯಾಮೆರಾ ಅಡಗಿದ ಕನ್ನಡಕ. ನಾನು ಹಾಕಿಕೊಂಡು ಎದುರು ಕೂತೆ. “ಯಾವಾಗ ಪವರ್ ಬಂತು?” ಎಂದರು. “ಸುಮ್ನೆ, ಸ್ಟೈಲಿಗೆ” ಎಂದೆ. ಬಳಿ ಬಂದು ಕನ್ನಡಕವನ್ನು ಟಕ್ ಟಕ್ ಬಡಿದು, “ಒಳಗೆ ಲೈಟ್ ಉರೀತಿದೆ. ಡಾಕ್ಟರಿಗೆ ತೋರಿಸು” ಎಂದರು. ರೆಕಾರ್ಡ್ ಆಗುವಾಗ ಎದುರಿನವರಿಗೆ ತಿಳಿಯಲಿ ಎಂದು ಅದರಲ್ಲಿ ಒಂದು ದೀಪ ಇರುತ್ತದಂತೆ. ಒಳ್ಳೆಯ ಕಾನೂನೇ. ನಮ್ಮ ಮನೆಗೆ ಮಾತ್ರ ಹೊಂದಲಿಲ್ಲ.

ಮೂರನೆಯದು ಹೆಬ್ಬೆಟ್ಟಿನಷ್ಟು ಬಿಳಿ ಬಿಲ್ಲೆ. ಅಂಗಿಯ ಒಳಗೊಂದು ಅಯಸ್ಕಾಂತ, ಹೊರಗೆ ಬಿಲ್ಲೆ, ಎದೆಗೆ ಅಂಟಿಕೊಳ್ಳುತ್ತದೆ. ಪರದೆ ಇಲ್ಲ, ತೆಗೆದದ್ದನ್ನು ಆಮೇಲೆ ಫೋನಿನಲ್ಲಿ ನೋಡಿಕೊಳ್ಳಬೇಕು. ದೀಪವನ್ನು ಆರಿಸಬಹುದು. ಇರ್ಫಾನನ ಅಂಗಡಿಯ ಬಾಗಿಲಲ್ಲಿ ನಿಂತು ಪರೀಕ್ಷಿಸಿದೆವು. ಬಸ್ ನಿಲ್ದಾಣದ ಹಾರ್ನು, ಹೂವಿನವಳ ಕೂಗು, ಪಕ್ಕದಂಗಡಿಯವನು ಇರ್ಫಾನನಿಗೆ ಉರ್ದುವಿನಲ್ಲಿ ಬೈದದ್ದು, ಎಲ್ಲ ಹರಳು ಹುರಿದಂತೆ ಕೇಳಿತು.

“ಇದೇ ತಗೋ ಗುರು” ಎಂದ ಇರ್ಫಾನ್. “ಆದ್ರೆ ಬೇರೆಯವ್ರ ಮುಖ ಬಂದ್ರೆ ಕೇಳಿ ತೆಗಿ. ಅಪ್ಪ ಆದ್ರೆ ಮನೆಗೆ ಬಂದು ಬೈತಾರೆ, ಬೇರೆಯವ್ರು ಅಲ್ಲೇ ಹೊಡೀತಾರೆ.”

ಮನೆಗೆ ತಂದು ಗುಟ್ಟಾಗಿ ಅಮ್ಮನಿಗೆ ತೋರಿಸಿದೆ. ನಮ್ಮ ಮನೆಯಲ್ಲಿ ಹೊಸ ವಸ್ತು ಪೂಜೆಯಾಗದೆ ಕೆಲಸ ಶುರು ಮಾಡುವಂತಿಲ್ಲ. ಫ್ರಿಜ್ಜು, ಮಿಕ್ಸಿ, ಟೀವಿಯ ರಿಮೋಟು, ಎಲ್ಲಕ್ಕೂ ಹಣೆಬೊಟ್ಟಿದೆ. ಪ್ಲಾಸ್ಟರ್ ಕಾಲು ಸ್ಟೂಲಿನ ಮೇಲಿಟ್ಟುಕೊಂಡೇ ಅಮ್ಮ ಗಂಧ ತೇಯ್ದಳು. ಹೆಬ್ಬೆಟ್ಟಿನಷ್ಟು ಕ್ಯಾಮೆರಾಕ್ಕೆ ಹೆಬ್ಬೆಟ್ಟಿನಷ್ಟೇ ಗಂಧ, ಮೇಲೆ ಕುಂಕುಮ, ಒಂದು ಮಂಗಳಾರತಿ. ನಾನು ಲೆನ್ಸನ್ನು ಮಾತ್ರ ಮೆತ್ತಗೆ ಒರೆಸಿಕೊಂಡೆ. ಉಳಿದದ್ದು ಆಶೀರ್ವಾದ, ಇರಲಿ ಎಂದು ಬಿಟ್ಟೆ.

ವಿಮಾನ ನಿಲ್ದಾಣಗಳು

ಅಪ್ಪ ವಿಮಾನದ ಕಿಟಕಿಯನ್ನು ಬಡಿದು ನೋಡಿದರು. ಗಗನಸಖಿ ಓಡಿಬಂದು ಏನು ಬೇಕೆಂದು ಕೇಳಿದಳು. “ಏನೂ ಇಲ್ಲಮ್ಮ, ಗಟ್ಟಿ ಇದೆ” ಎಂದು ಅಪ್ಪ ಅವಳಿಗೆ ಧೈರ್ಯ ಹೇಳಿದರು.

ಹನೋಯಿಯ ವಲಸೆ ಕೌಂಟರಿನಲ್ಲಿ ಕ್ಯಾಮೆರಾ ಕಂಡದ್ದೇ ಅಪ್ಪ ಗುಂಡಿ ಹಾಕಿ ಕಂಬವಾದರು. ಇಡೀ ಜಗತ್ತಿನಲ್ಲಿ ಆ ಭಂಗಿಗೆ ಬೆಲೆ ಇರುವ ಏಕೈಕ ಜಾಗ ಅದು. ಅಧಿಕಾರಿ ಮೆಚ್ಚಿ ತಲೆಯಾಡಿಸಿ ತಕ್ಷಣ ಮುದ್ರೆ ಒತ್ತಿದ. ನನ್ನ ಸರದಿ ಬಂದಾಗ ನಾನು ಅಭ್ಯಾಸಬಲದಿಂದ ಅವನ ಹುಬ್ಬು ಏರಿಸುವ ಶೈಲಿಯನ್ನು ಅವನಿಗೇ ಮಾಡಿ ತೋರಿಸಿದೆ. ನನ್ನನ್ನು ಪಕ್ಕಕ್ಕೆ ಕರೆದು, ಹೋಟೆಲಿನ ಹೆಸರು, ಹಿಂದಿರುಗುವ ಟಿಕೇಟು, ಉದ್ಯೋಗ ಎಲ್ಲ ವಿಚಾರಿಸಿದರು. ಉದ್ಯೋಗ ಏನೆಂದು ಹೇಳುವುದೇ ಕಷ್ಟವಾಯಿತು. ಕುಕ್ಕರಿನ ವಿಷಲ್ ಹಾಕಿ ತೋರಿಸಿದ ಮೇಲೆ ಬಿಟ್ಟರು.

ಹನೋಯ್, ಹಳೆ ಪೇಟೆ

ಹೋಟೆಲಿನಿಂದ ಹೊರಬಿದ್ದ ಕೂಡಲೇ ಅಪ್ಪನ ಕಣ್ಣು ನನ್ನ ಎದೆಗೆ ಬಿತ್ತು. “ಅದೇನು?”

ನನ್ನ ಬಾಯಿಗೆ ಮೊದಲು ಬಂದದ್ದನ್ನು ಹೇಳಿದೆ. “ಸೊಳ್ಳೆ ಓಡಿಸೋ ಯಂತ್ರ ಅಪ್ಪ. ಹೊಸದು. ಸದ್ದಿಲ್ಲದೆ ಏನೋ ತರಂಗ ಬಿಡತ್ತಂತೆ.”

ಅಪ್ಪ ಬಗ್ಗಿ ನೋಡಿದರು. ಟಕ್ ಟಕ್. “ಇದಕ್ಕೂ ಕುಂಕುಮ ಇಟ್ಟಿದಾಳಾ ನಿಮ್ಮಮ್ಮ?” ಎಂದು ಕೇಳಿ ಮುಂದೆ ನಡೆದರು. ನಮ್ಮ ಮನೆಯಲ್ಲಿ ಕುಂಕುಮ ಇದ್ದ ವಸ್ತುವಿನ ಮೇಲೆ ಅನುಮಾನ ಪಡುವ ಪದ್ಧತಿ ಇಲ್ಲ.

ಆದರೆ ಸುಳ್ಳಿಗೆ ತನ್ನದೇ ಬಾಡಿಗೆ ಇರುತ್ತದೆ. ಅಪ್ಪನಿಗೆ ಸೊಳ್ಳೆ ಎಂದರೆ ಆಗದು. ಯಂತ್ರದ ಪ್ರಭಾವಲಯ ತಪ್ಪಿಹೋಗಬಾರದೆಂದು ಅವರು ನನಗೆ ಅಂಟಿಕೊಂಡೇ ನಡೆಯತೊಡಗಿದರು. ಮೊದಲ ದಿನದ ಚಿತ್ರೀಕರಣದಲ್ಲಿ ವಿಯೆಟ್ನಾಮಿನ ರಾಜಧಾನಿ ಇಲ್ಲ. ನಮ್ಮಪ್ಪನ ಬಲಗಿವಿ ಇದೆ. ಬಹಳ ಸ್ಪಷ್ಟವಾಗಿದೆ.

ಹಳೆ ಪೇಟೆ ನಮ್ಮ ಶಿವಾಜಿನಗರದ ದೊಡ್ಡಪ್ಪನ ಮಗ. ಒಂದು ಬೀದಿಯಲ್ಲಿ ಬರೀ ತಗಡಿನ ಡಬ್ಬಿ, ಮುಂದಿನದರಲ್ಲಿ ಬರೀ ರೇಷ್ಮೆ, ಅದರಾಚೆ ಬರೀ ಆಟಿಕೆ. ಫುಟ್‌ಪಾತಿನ ಮೇಲೆ ಅಂಗನವಾಡಿಯಿಂದ ಎತ್ತಿಕೊಂಡು ಬಂದಂಥ ಪ್ಲಾಸ್ಟಿಕ್ ಸ್ಟೂಲುಗಳು. ಅದರ ಮೇಲೆ ದೊಡ್ಡ ದೊಡ್ಡ ಮನುಷ್ಯರು ಮೊಣಕಾಲನ್ನು ಕಿವಿಗೆ ತಾಗಿಸಿಕೊಂಡು ಕೂತು ತಿನ್ನುತ್ತಾರೆ. ರಸ್ತೆಯಲ್ಲಿ ಸ್ಕೂಟರುಗಳ ಹೊಳೆ. ಒಂದರ ಮೇಲೆ ಫ್ರಿಜ್ಜು, ಒಂದರ ಮೇಲೆ ಇಡೀ ಹೂವಿನ ತೋಟ.

ರಸ್ತೆ ದಾಟುವುದರಲ್ಲಿ ನಾವು ಕೆ.ಆರ್. ಪುರಂ ಟ್ರಾಫಿಕ್ಕಿನ ಪದವೀಧರರು. ಸಂದಿ ನೋಡು, ಕೈ ಎತ್ತು, ಓಡು, ಇದು ನಮ್ಮ ಸಿಲಬಸ್ಸು. ಅಲ್ಲಿ ಸಂದಿಯೇ ಬರುವುದಿಲ್ಲ. ಅಪ್ಪ ಟ್ರಾಫಿಕ್ ಪೊಲೀಸರಂತೆ ಅಂಗೈ ತೋರಿಸಿದರು, ಯಾರೂ ನಿಲ್ಲಲಿಲ್ಲ. ಓಡಿದರು, ಅವರು ಓಡುವುದನ್ನು ನೋಡಿ ಸ್ಕೂಟರಿನವರೇ ಹೆದರಿ ಅಡ್ಡಾದಿಡ್ಡಿಯಾದರು. ಕೊನೆಗೆ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬಳು ಅಪ್ಪನ ಮಣಿಕಟ್ಟು ಹಿಡಿದು, ದೇವಸ್ಥಾನ ಸುತ್ತು ಹಾಕುವ ನಿಧಾನದಲ್ಲಿ ನೇರ ನಡೆದುಬಿಟ್ಟಳು. ಸ್ಕೂಟರುಗಳು ಎರಡೂ ಬದಿಗೆ ಸರಿದು ಹರಿದವು. ಅಲ್ಲಿ ನಿಯಮ ಇಷ್ಟೇ: ಓಡಬೇಡ, ನಿಲ್ಲಬೇಡ, ನೀನು ಎಲ್ಲಿರುತ್ತೀ ಎಂಬುದನ್ನು ಅವರು ಊಹಿಸಲಿ. ಆಚೆ ಬದಿ ತಲುಪಿದ ಅಪ್ಪ ಅಜ್ಜಿಗೆ ಕೈ ಮುಗಿದು ಏನೋ ಹೇಳಿದರು. ಅಜ್ಜಿ ನಕ್ಕಳು. ನಾನು ಈಚೆ ಬದಿಯಲ್ಲೇ ಸಿಕ್ಕಿಕೊಂಡಿದ್ದೆ. ನನ್ನನ್ನು ಕರೆದೊಯ್ಯಲು ಆಕೆ ಮತ್ತೆ ಬರಬೇಕಾಯಿತು.

ದಿನಾ ಸಂಜೆ ಅಪ್ಪ ಟೀವಿ ನೋಡುವಾಗ ನಾನು ಹಾಸಿಗೆಯಲ್ಲಿ ಮಗ್ಗುಲಾಗಿ ಫೋನಿನಲ್ಲಿ ಆ ದಿನದ ದೃಶ್ಯ ನೋಡುತ್ತಿದ್ದೆ. ಗುಟ್ಟು ರಟ್ಟಾಗದಿರಲಿ ಎಂದು ಧ್ವನಿಯನ್ನು ಪೂರ್ತಿ ಕಡಿಮೆ ಮಾಡಿರುತ್ತಿದ್ದೆ. ಚಿತ್ರ ಅದ್ಭುತವಾಗಿತ್ತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ನಿನ್ ಬಿನ್, ದೋಣಿ

ಹನೋಯಿಗೆ ದಕ್ಷಿಣಕ್ಕಿರುವ ಈ ಊರಲ್ಲಿ ದೋಣಿಯವರು ಕಾಲಿನಲ್ಲಿ ಹುಟ್ಟು ಹಾಕುತ್ತಾರೆ. ನಮ್ಮ ದೋಣಿಯ ಯಜಮಾನಿ ಹಿಂದಕ್ಕೆ ಒರಗಿ, ಎರಡೂ ಪಾದಗಳಲ್ಲಿ ಹುಟ್ಟು ಹಿಡಿದು ಸೈಕಲ್ ತುಳಿದಂತೆ ತುಳಿಯುತ್ತ, ಬಿಡುವಾದ ಕೈಯಲ್ಲಿ ಕಿತ್ತಳೆ ಸುಲಿಯುತ್ತಿದ್ದಳು. ಸುತ್ತ ಸುಣ್ಣಕಲ್ಲಿನ ಗುಡ್ಡಗಳು, ಮಧ್ಯೆ ಹಸಿರು ನೀರು. ಅಪ್ಪ ಗುಡ್ಡ ನೋಡಲಿಲ್ಲ. ಅವಳ ಪಾದವನ್ನೇ ನೋಡುತ್ತ ಕೂತರು.

ಆಕೆಯ ಕಣ್ಣು ಮಾತ್ರ ಚುರುಕು. ದೋಣಿ ಬಿಡುವ ಮುಂಚೆಯೇ ನನ್ನ ಎದೆ ತೋರಿಸಿ ಬೆರಳಲ್ಲಿ ‘ಕ್ಲಿಕ್’ ಎಂದಳು. ನಾನು ತುಟಿಗೆ ಬೆರಳಿಟ್ಟು, ಅಪ್ಪನನ್ನು ತೋರಿಸಿ, ಕಂಬವಾಗುವ ಭಂಗಿ ಮಾಡಿದೆ. ಆಮೇಲೆ ಅವಳನ್ನು ತೋರಿಸಿ, ತೆಗೆಯಲೇ ಎಂಬಂತೆ ಕೈ ತಿರುಗಿಸಿದೆ. ಆಕೆಗೆ ಎಲ್ಲ ಅರ್ಥವಾಯಿತು. ತನ್ನ ಟೋಪಿ ಸರಿಮಾಡಿಕೊಂಡು, ಆಗಲಿ ಎಂದು ತಲೆಯಾಡಿಸಿ, ನನ್ನ ಪಕ್ಷ ಸೇರಿದಳು. ಮುಂದಿನ ತಿರುವಿನಲ್ಲಿ ಬೇಕೆಂದೇ ಹುಟ್ಟು ಹೊಡೆದು ಅಪ್ಪನ ಮೇಲೆ ನೀರು ಚಿಮ್ಮಿಸಿದಳು.

“ಏನಮ್ಮಾ ಇದು! ಕೈಯಿದ್ದೂ ಕಾಲಲ್ಲಿ ಕೆಲ್ಸ ಮಾಡಿದ್ರೆ ಹೀಗೇ ಆಗೋದು” ಎಂದರು ಅಪ್ಪ ಅಚ್ಚ ಕನ್ನಡದಲ್ಲಿ. ಆಕೆ ಹುಟ್ಟನ್ನು ಅವರತ್ತ ಚಾಚಿದಳು. ಅಪ್ಪ ಚಪ್ಪಲಿ ಬಿಚ್ಚಿದರು! ಪ್ಯಾಂಟು ಮಡಚಿ, ಒರಗಿ, ತುಳಿದೇ ತುಳಿದರು. ದೋಣಿ ಮುಂದೆ ಹೋಗಲಿಲ್ಲ. ಬೀಸುವ ಕಲ್ಲಿನಂತೆ ನಿಂತಲ್ಲೇ ಸುತ್ತಿತು. ಅಕ್ಕಪಕ್ಕದ ದೋಣಿಯವರೆಲ್ಲ ಕೂಗಿದರು. ನಾನು ಸುಮ್ಮನಿರಲಾರದೆ ಅವರ ಕೂಗನ್ನೇ ಹಾಗೆಯೇ ತಿರುಗಿ ಕೂಗಿದೆ. ಒಮ್ಮೆಲೇ ಎಲ್ಲ ದೋಣಿಗಳೂ ಬಿದ್ದು ಬಿದ್ದು ನಕ್ಕವು. ನಾನು ಏನು ಹೇಳಿದೆ ಎಂದು ಇವತ್ತಿಗೂ ಗೊತ್ತಿಲ್ಲ. ನಮ್ಮ ಯಜಮಾನಿ ಮುಖ ಮುಚ್ಚಿಕೊಂಡದ್ದು ನೋಡಿದರೆ ಗೊತ್ತಾಗದಿರುವುದೇ ಒಳ್ಳೆಯದು. ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸದ್ದು ಮಾಡಿ. ಹಲ್ಲು ಕಾಣುವಂತೆ. ನಾನು ಎದೆಯನ್ನು ಅವರತ್ತಲೇ ಹಿಡಿದು ಉಸಿರು ಬಿಗಿಹಿಡಿದೆ. ಅಮ್ಮಾ, ಸಿಕ್ಕಿಬಿಟ್ಟರು ನಿನ್ನ ಯಜಮಾನರು!

ಮತ್ತೆ ಹನೋಯ್, ಕಾಫಿ

ಕೊನೆಯ ದಿನ ಬೆಳಿಗ್ಗೆ ಗಲ್ಲಿಯೊಂದರ ಕಾಫಿ ಅಂಗಡಿಯಲ್ಲಿ ಕೂತೆವು. ಅಂಗಡಿಯ ಅಜ್ಜ ಪ್ರತಿ ಲೋಟದ ತಲೆಯ ಮೇಲೂ ತಟ್ಟೆ ಇರುವ ಪುಟ್ಟ ಫಿಲ್ಟರ್ ಕೂರಿಸಿ, ಪುಡಿ ಹಾಕಿ, ಬಿಸಿನೀರು ಹೊಯ್ದು ಮುಂದಿಟ್ಟ. ಕೆಳಗೆ ಗಟ್ಟಿ ಸಿಹಿ ಹಾಲು. ಅದರ ಮೇಲೆ ಹನಿ ಹನಿಯಾಗಿ ಡಿಕಾಕ್ಷನ್ ಬೀಳುತ್ತದೆ. ನಮ್ಮಲ್ಲಿ ಅಡುಗೆಮನೆಯೊಳಗೆ ಗುಟ್ಟಾಗಿ ನಡೆಯುವುದನ್ನು ಅಲ್ಲಿ ಎದುರಿಗೇ ಇಟ್ಟು ನಮ್ಮನ್ನು ಕಾಯಿಸುತ್ತಾರೆ. ಅಪ್ಪ ಮುಚ್ಚಳ ಎತ್ತಿದರು, ಮೂಸಿದರು, ತೂತು ಪರೀಕ್ಷಿಸಿದರು. ಟಕ್ ಟಕ್. ಅಜ್ಜನ ಮುಖ ಅರಳಿತು.

ಅಮ್ಮನಿಗೆ ಒಂದು ರೇಷ್ಮೆ ಸ್ಕಾರ್ಫ್ ತರಲು ನಾನು ಎದ್ದೆ. ಅಪ್ಪ ತಡೆದರು. “ಆ ಸೊಳ್ಳೆ ಯಂತ್ರ ಇಲ್ಲಿಟ್ಟು ಹೋಗು. ಕಾಲ್ಹತ್ರ ಕಚ್ತಿವೆ.”

ಬೇಡ ಎನ್ನುವುದುಂಟೆ? ಬಿಲ್ಲೆಯನ್ನು ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟೆ. ಅಜ್ಜನಿಗೆ ಅದನ್ನು ತೋರಿಸಿ ಮರೆಯಲ್ಲಿ ‘ಕ್ಲಿಕ್’ ಮಾಡಿದೆ. ಆತ ಹೆಬ್ಬೆರಳು ಎತ್ತಿದ. ನಾನು ಸ್ಕಾರ್ಫ್ ಹಿಡಿದು ವಾಪಸ್ ಬರುವಾಗ ಗಲ್ಲಿಯ ತಿರುವಿಗೇ ಇಬ್ಬರ ನಗು ಕೇಳಿಸುತ್ತಿತ್ತು. ನನ್ನನ್ನು ಕಂಡು ಅಪ್ಪ ನಗು ಒರೆಸಿಕೊಂಡು, “ಹೊರಡೋಣ್ವಾ?” ಎಂದರು.

“ಏನು ಅಷ್ಟೊಂದು ನಗ್ತಿದ್ರಿ?”

“ಏನಿಲ್ಲ.”

ಇರಲಿ. ಎಲ್ಲ ಸಕ್ಕರೆ ಡಬ್ಬಿಯ ಪಕ್ಕ ದಾಖಲಾಗಿದೆಯಲ್ಲ ಎಂದು ಒಳಗೊಳಗೇ ಕುಣಿದೆ.

ಲಿಂಗರಾಜಪುರ, ಮತ್ತೆ

ಬಂದ ಮರುದಿನ ಅಮ್ಮನನ್ನು ಟೀವಿಯ ಎದುರು ಕೂರಿಸಿ, ಕಾಲಿಗೆ ದಿಂಬು ಕೊಟ್ಟು ಪ್ರದರ್ಶನ ಶುರು ಮಾಡಿದೆ. ಪರದೆ ತುಂಬ ಅಪ್ಪನ ಬಲಗಿವಿ.

“ಇದನ್ನ ಯಾವಾಗ ತೆಗ್ದೆ?” ಅಪ್ಪ ಕುರ್ಚಿಯಿಂದ ಎದ್ದರು. ಕೈ ಆಗಲೇ ಗುಂಡಿಯತ್ತ. ಸತ್ಯ ಹೇಳಿದೆ. ಅಪ್ಪ ಬಿಲ್ಲೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತೋಳು ಮೇಲಕ್ಕೆತ್ತಿ ಗಂಧೆ ಎದ್ದ ಚರ್ಮ ತೋರಿಸಿದರು. “ಅಂದ್ರೆ ಅದು ಸೊಳ್ಳೆ ಓಡಿಸ್ತಾನೇ ಇರ್ಲಿಲ್ವಾ? ಥೂ, ಅದರ ಪಕ್ಕ ಹೋಗಿ ಹೋಗಿ ಕೂತ್ನಲ್ಲೋ!”

“ಅದಿರ್ಲಿ ರೀ, ಸೌಂಡ್ ಯಾಕೆ ಬರ್ತಿಲ್ಲ?” ಎಂದಳು ಅಮ್ಮ.

ಬರುತ್ತಿರಲಿಲ್ಲ. ದೋಣಿ ಸುತ್ತುತ್ತಿತ್ತು, ಅಪ್ಪ ಹೊಟ್ಟೆ ಹಿಡಿದು ನಗುತ್ತಿದ್ದರು, ಕೇಳಿಸುತ್ತಿದ್ದುದು ಮಾತ್ರ ರಜಾಯಿಯೊಳಗೆ ಯಾರೋ ಗೊಣಗಿದಂತೆ, ‘ಗುಬ್… ಗುಬ್…’. ರಿಮೋಟು ಒತ್ತಿದೆ, ಕೇಬಲ್ ಕಿತ್ತು ಹಾಕಿದೆ, ಫೋನಿನಲ್ಲಿ ಕೇಳಿದೆ. ಗುಬ್. ಎಲ್ಲ ದಿನವೂ ಗುಬ್.

ಅಪ್ಪ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಇಲ್ಲೊಂದು ಸಣ್ಣ ತೂತಿದೆ. ಇದೇ ಮೈಕು. ಗಂಧ ತುಂಬಿ ಒಣಗಿದೆ.”

ಇಬ್ಬರೂ ಅಮ್ಮನನ್ನು ನೋಡಿದೆವು. ಅಮ್ಮ ಪರದೆಯನ್ನೇ ನೋಡುತ್ತಿದ್ದಳು. ಅಲ್ಲಿ ಅವಳ ಗಂಡ ಬಾಯಿ ತುಂಬ ನಗುತ್ತಿದ್ದರು, ಸದ್ದಿಲ್ಲದೆ. “ನಾನೇ ಮುಚ್ಬಿಟ್ನಾ?” ಎಂದಳು ಸಣ್ಣಗೆ.

ಅಮ್ಮನ ಆ ದನಿಯನ್ನು ನಾನು ಎಂದೂ ಮಿಮಿಕ್ರಿ ಮಾಡಿಲ್ಲ, ಮಾಡುವುದೂ ಇಲ್ಲ. ಆ ಕ್ಷಣಕ್ಕೆ ನನಗೆ ತೋಚಿದ್ದು ಒಂದೇ. ಟೀವಿಯ ಪಕ್ಕ ನಿಂತು ಎಲ್ಲರಿಗೂ ನಾನೇ ಧ್ವನಿ ಕೊಡಲು ಶುರು ಮಾಡಿದೆ. ಸ್ಕೂಟರು, ಅಜ್ಜಿ, ದೋಣಿಗಳ ಕೂಗು. “ಏನಮ್ಮಾ ಇದು! ಕೈಯಿದ್ದೂ ಕಾಲಲ್ಲಿ…” ಎಂದು ಅಪ್ಪನನ್ನೂ ಮಾಡಿದೆ. ಅಮ್ಮ ಮೆಲ್ಲಗೆ ನಕ್ಕಳು. ನನ್ನ ಮನಸ್ಸು ಹಗುರವಾಯಿತು.

ಆಗ ಕಾಫಿ ಅಂಗಡಿ ಬಂತು. ಮೇಜಿನಾಚೆ ಅಪ್ಪ, ಪಕ್ಕದಲ್ಲಿ ಅಜ್ಜ. ಅಪ್ಪ ಮಾತಾಡುತ್ತಿದ್ದಾರೆ, ಬಹಳ ಹೊತ್ತು, ಕನ್ನಡದಲ್ಲೇ ಇರಬೇಕು. ಕೈಯಲ್ಲಿ ಏನೇನೋ ತೋರಿಸುತ್ತಾರೆ. ಆ ಹೊತ್ತಿಗೆ ನಾನು ರೇಷ್ಮೆ ಬೀದಿಯಲ್ಲಿದ್ದೆ. ನನಗೇನು ಗೊತ್ತು? ಬಾಯಿಗೆ ಬಂದದ್ದು ಹೊಡೆದೆ: “ಅಜ್ಜಾ, ಉಪ್ಪು ಕಮ್ಮಿ…”

“ಹಾಗಲ್ವೋ” ಎಂದರು ಅಪ್ಪ.

ನಾನು ನಿಲ್ಲಿಸಿದೆ. ಅಪ್ಪ ಟೀವಿಯನ್ನೇ ನೋಡುತ್ತ, ಪರದೆಯ ಮೇಲಿನ ತಮ್ಮ ತುಟಿಗೆ ತುಟಿ ಕೂಡಿಸಿದರು. “ನಮ್ಮನೇಲೂ ಒಂದು ಫಿಲ್ಟರ್ ಇದೆ ಅಜ್ಜ. ಇದರಪ್ಪ. ನನ್ನ ಹೆಂಡ್ತಿ ಬೆಳಿಗ್ಗೆ ಅದನ್ನ ತಟ್ಟೋ ಸದ್ದಿಗೇ ನಾನು ಏಳೋದು. ಇಲ್ಲಿಗೆ ಬಂದಾಗಿಂದ ಬೆಳಗಾಯ್ತು ಅಂತಾನೇ ಗೊತ್ತಾಗ್ತಿಲ್ಲ.” ಪರದೆಯಲ್ಲಿ ಅಪ್ಪ ಎದ್ದು ನಿಂತರು. ಮನೆಯಲ್ಲಿ ಅಪ್ಪನೂ ಎದ್ದರು. ಇಬ್ಬರೂ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ಇಲ್ಲದ ಫಿಲ್ಟರನ್ನು ಟೊಣ್ ಟೊಣ್ ತಟ್ಟಿದರು, ಕತ್ತು ಓರೆ ಮಾಡಿ ಒಳಗಿನ ಕೋಣೆಯತ್ತ ಕೂಗಿದರು: “ಏಳ್ರೀ! ಆರಿ ತಣ್ಣಗಾದ್ಮೇಲೆ ಉಪ್ಪು ಕಮ್ಮಿ ಅಂತೀರಾ, ಕಾಫೀಲೂ!”

ನಮ್ಮಮ್ಮ! ಅದೇ ರಾಗ, ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ಮೂಗಿನ ದನಿ. ವರ್ಷಗಳಿಂದ ನಾನು ವೇದಿಕೆಯಲ್ಲಿ ಮಾಡುತ್ತಿದ್ದ ಅಮ್ಮ ಇವರ ಮುಂದೆ ಬರೀ ಝೆರಾಕ್ಸ್. ಪರದೆಯಲ್ಲಿ ಅಜ್ಜ ಸ್ಟೂಲಿನಿಂದ ಜಾರುವಷ್ಟು ನಗುತ್ತಿದ್ದ. ಇಲ್ಲಿ ಅಮ್ಮ ಪ್ಲಾಸ್ಟರ್ ಕಾಲು ಮರೆತು ದಿಂಬು ಉರುಳಿಸಿ ನಗುತ್ತಿದ್ದಳು, ಕಣ್ಣು ಒರೆಸಿಕೊಂಡು, ಮತ್ತೆ ನಗುತ್ತಿದ್ದಳು.

“ರೀ, ಇದನ್ನ ಫ್ಯಾಕ್ಟರೀಲೂ ಮಾಡ್ತಿದ್ರಾ?”

“ಊಟದ ಹೊತ್ತಲ್ಲಿ” ಎಂದರು ಅಪ್ಪ.

“ಅಂದ್ರೆ ಊರಿಗೆಲ್ಲ ನಾನು ಗೊತ್ತು!”

ಅಪ್ಪ ಒಳಗೆ ಹೋಗಿ, ತಮ್ಮ ಸೂಟ್‌ಕೇಸಿನಿಂದ ಪೇಪರಿನಲ್ಲಿ ಸುತ್ತಿದ ಪೊಟ್ಟಣ ತಂದು ಅಮ್ಮನ ಕೈಗಿಟ್ಟರು. ಅಜ್ಜನ ಅಂಗಡಿಯಂಥದೇ ಪುಟ್ಟ ಫಿಲ್ಟರ್. ಯಾವಾಗ ಕೊಂಡರೋ, ನನ್ನ ಕ್ಯಾಮೆರಾಕ್ಕೂ ಸಿಕ್ಕಿಲ್ಲ. ಅಮ್ಮ ಅದನ್ನು ತಿರುಗಿಸಿ ನೋಡಿದಳು, ಮುಚ್ಚಳ ತೆಗೆದಳು, ಟೊಣ್ ಟೊಣ್ ತಟ್ಟಿದಳು. ಆಮೇಲೆ ಪಕ್ಕದ ಮೇಜಿನ ಮೇಲಿದ್ದ ಗಂಧದ ಬಟ್ಟಲನ್ನು ಎಳೆದುಕೊಂಡು, ಹೆಬ್ಬೆಟ್ಟನ್ನು ಚೆನ್ನಾಗಿ ಅದ್ದಿ ಫಿಲ್ಟರಿನತ್ತ ಒಯ್ದಳು.

ನಾನೂ ಅಪ್ಪನೂ ಒಂದೇ ಉಸಿರಿಗೆ ಕೂಗಿದೆವು.

“ತೂತು ಬಿಟ್ಟು ಹಚ್ಚೇ!”